ಹಿಮದ ಊರಿಗೆ ಹೊತ್ತ ಹಿತ್ತಾಳೆ ಹಿಡಿಕೆ

ನುಂಗಂಬಾಕ್ಕಂ

ನಾನು ಫಿನ್ಲೆಂಡಿಗೆ ಹೋದದ್ದು ಒಂದು ಬಾಗಿಲ ಹಿಡಿಕೆಯ ಜೊತೆಯಲ್ಲಿ. ಮೊಣಕೈಯುದ್ದದ, ನಾಲ್ಕು ಕಿಲೋ ತೂಕದ, ಅಚ್ಚ ಹಿತ್ತಾಳೆಯ ಹಿಡಿಕೆ. ಪರದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಇರಬೇಕಾದ ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ ನನ್ನ ಪೆಟ್ಟಿಗೆಯಲ್ಲೂ ಇದ್ದವು. ಹಿಡಿಕೆಗೆ ಜಾಗ ಬಿಟ್ಟುಕೊಟ್ಟು ಮೂಲೆ ಸೇರಿದ್ದವು, ಅಷ್ಟೆ.

ಆಗ ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಕಳೆದಿತ್ತು. ಚೆನ್ನೈನ ನುಂಗಂಬಾಕ್ಕಂನಲ್ಲಿ ನಮ್ಮ ಆಫೀಸು. ನಾನು ದಿನಬಳಕೆಯ ಸಾಮಾನುಗಳನ್ನು ವಿನ್ಯಾಸ ಮಾಡುವವಳು. ಇದು ಎಂಥ ಉದ್ಯೋಗವೆಂದು ಮೈಸೂರಿನ ನಮ್ಮ ನೆಂಟರಿಗೆ ಇಂದಿಗೂ ಅರ್ಥವಾಗಿಲ್ಲ. ಮದುವೆಮನೆಗಳಲ್ಲಿ ನನ್ನನ್ನು "ಮಿಕ್ಸಿಗೆ ಬಣ್ಣ ಆರಿಸೋಳು" ಎಂದು ಪರಿಚಯಿಸುತ್ತಾರೆ. ಬಣ್ಣ ಆರಿಸುವುದು ಸುಲಭ. ಕಣ್ಣಿಗೆ ಕಾಣದ್ದನ್ನು ಕೈಗೆ ಸಿಗುವಂತೆ ಮಾಡುವುದು ಕಷ್ಟ. ನಂಬಿಕೆ ಎನ್ನುವುದನ್ನು ಎಲ್ಲಿಂದ ತರುತ್ತೀರಿ? ಟೆಲಿಫೋನ್ ರಿಸೀವರ್ ತೀರಾ ಹಗುರವಾಗಿದ್ದರೆ ಜನ ಅದನ್ನು ಆಟದ ಸಾಮಾನು ಎಂದುಕೊಳ್ಳುತ್ತಾರೆ. ಅದರೊಳಗೆ ಒಂದು ಕಬ್ಬಿಣದ ತುಂಡು ಸೇರಿಸಿಬಿಟ್ಟರೆ ಅದೇ ರಿಸೀವರ್ ದೊಡ್ಡ ಮನುಷ್ಯನಾಗಿಬಿಡುತ್ತದೆ. ಆ ತುಂಡಿನಿಂದ ಮಾತೇನೂ ಹೆಚ್ಚು ಸ್ಪಷ್ಟವಾಗಿ ಕೇಳುವುದಿಲ್ಲ. ಸುಮ್ಮನೆ ತೂಗುವುದಷ್ಟೇ ಅದರ ಕೆಲಸ. ಇಂಥ ತುಂಡುಗಳನ್ನು ಎಲ್ಲಿ ಇಡಬೇಕು ಅನ್ನುವುದರಲ್ಲಿ ನಾನು ಗಟ್ಟಿಗಿತ್ತಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಫಿನ್ಲೆಂಡಿನ ಉತ್ತರದಲ್ಲಿ ಒಂದು ಸಣ್ಣ ಊರಿನ ಗ್ರಂಥಾಲಯಕ್ಕೆ ಹೊಸ ಬಾಗಿಲು ಬರುವುದಿತ್ತು. ಅದರ ಹಿಡಿಕೆಗೆ ಒಂದು ಸ್ಪರ್ಧೆ. ಷರತ್ತು ಒಂದೇ. ಅಕ್ಷರವಿಲ್ಲದೆ, ಚಿತ್ರವಿಲ್ಲದೆ, ಮುಟ್ಟಿದ ಮಾತ್ರಕ್ಕೇ ಅದು "ಬನ್ನಿ" ಅನ್ನಬೇಕು. ಕೊನೆಯ ಸುತ್ತಿನಲ್ಲಿ ಉಳಿದವರು ಇಬ್ಬರು. ಒಬ್ಬರು ಅದೇ ಊರಿನವರು, ಇನ್ನೊಬ್ಬಳು ನಾನು. ಇಬ್ಬರ ಹಿಡಿಕೆಯನ್ನೂ ಕೆಲವು ದಿನ ಬಾಗಿಲಿಗೆ ಹಾಕಿ ನೋಡಿ, ಓದುಗರೇ ಆರಿಸುವುದೆಂದು ತೀರ್ಮಾನವಾಗಿತ್ತು.

ನಮ್ಮ ಬಾಸ್‌ಗೆ ಸ್ಟೀಲು ಬೇಕಿತ್ತು, ಫೈವ್ ಸ್ಟಾರ್ ಹೋಟೆಲುಗಳಲ್ಲಿ ಇರುವಂಥದ್ದು. ನಾನು ಹಿತ್ತಾಳೆಯೇ ಆಗಬೇಕೆಂದು ಪಟ್ಟು ಹಿಡಿದೆ. ಜಗಳವೇ ಆಯಿತು. ಕೊನೆಗೆ ಅವರು, "ಸರಿ, ಗೆದ್ದು ಬಂದರೆ ಹೊಸ ವಿಭಾಗ ನಿನ್ನದು. ಸೋತರೆ ಮತ್ತೆ ಮಿಕ್ಸಿ" ಎಂದರು. ಹತ್ತು ವರ್ಷ ಮಿಕ್ಸಿ ಜಾರುಗಳ ಜೊತೆ ಕಳೆದಿದ್ದ ನನಗೆ ಇದಕ್ಕಿಂತ ದೊಡ್ಡ ಬೆದರಿಕೆ ಇರಲಿಲ್ಲ.

ಹಿತ್ತಾಳೆ ಯಾಕೆ? ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ಚೀಲ ಹೊತ್ತುಕೊಂಡು ನಡು ಮಧ್ಯಾಹ್ನ ಮನೆಗೆ ಬಂದವರನ್ನು ಕೇಳಿ. ಅವರಿಗೆ ಬೇಕಾಗಿರುವುದು ತಂಪು. ರೆಡ್ ಆಕ್ಸೈಡ್ ನೆಲ, ಮಡಕೆಯ ನೀರು, ಆ ನೀರು ತುಂಬಿದ ಹಿತ್ತಾಳೆ ಚೊಂಬು. ನಮ್ಮ ಹಿರಿಯರು ಹರಸುವಾಗಲೂ "ತಣ್ಣಗಿರು" ಅನ್ನುತ್ತಾರೆ. ಹಾಗಾದರೆ ಅಂಗೈಗೆ ತಂಪು ತಾಗಿಸುವ, ಕೈತುಂಬ ಭಾರವಿರುವ ಲೋಹಕ್ಕಿಂತ ಒಳ್ಳೆಯ ಸ್ವಾಗತ ಎಲ್ಲಿದೆ? ಹಿಂದಿನ ವರ್ಷದ ಏಪ್ರಿಲ್ ಸೆಕೆಯಲ್ಲಿ ಆಫೀಸಿನವರೆಲ್ಲ ಅದನ್ನು ಹಿಡಿದು ನೋಡಿ ಭೇಷ್ ಅಂದಿದ್ದರು. ವಾಚ್‌ಮನ್ ಅದನ್ನು ಕೆನ್ನೆಗೆ ಒತ್ತಿಕೊಂಡು "ಜಿಲ್ಲುನ್ನು ಇರುಕ್ಕು ಮೇಡಂ", ತಣ್ಣಗಿದೆ ಎಂದು ಕಣ್ಣು ಮುಚ್ಚಿದ್ದ. ಒಬ್ಬರೂ ಒಂದು ತಪ್ಪು ಹೇಳಿರಲಿಲ್ಲ. ಭೇಷ್ ಅಂದವರೆಲ್ಲ ಚೆನ್ನೈನವರು ಎಂಬುದು ಯಾಕೋ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಫೀಸಿನ ಕೆಳಗೆ ಶ್ರೀಧರ ಭಟ್ಟರ ಹೋಟೆಲು. ಕುಂದಾಪುರದ ಕಡೆಯವರು, ಮೂವತ್ತು ವರ್ಷದಿಂದ ಈ ಊರಿಗೆ ಇಡ್ಲಿ ಬೇಯಿಸಿ ಹಾಕುತ್ತಿರುವವರು. ಹೊರಡುವ ದಿನ, ಹಿಡಿಕೆ ತುಂಬಿಸಿಕೊಳ್ಳಲು ಆಫೀಸಿಗೆ ತಂದಿದ್ದ ನನ್ನ ಪೆಟ್ಟಿಗೆಯನ್ನು ಎತ್ತಿ ನೋಡಿ ಗಾಬರಿಯಾದರು.

"ಎಂತ ಮಾರಾಯ್ರೆ, ರುಬ್ಬುವ ಕಲ್ಲು ತಕೊಂಡು ಹೋಗುದಾ?"

"ಹ್ಯಾಂಡಲ್ ಭಟ್ರೆ, ಬಾಗಿಲಿನದ್ದು."

"ಅಲ್ಲಿ ಬಾಗಿಲಿಗೆ ಹ್ಯಾಂಡಲ್ ಇಲ್ವಾ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ತೆಂಗಿನ ನಾರಿನ ಹಗ್ಗ ತಂದರು. ಪೆಟ್ಟಿಗೆಯ ಬೀಗದ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಬೇಡಬೇಡವೆಂದರೂ ಕೇಳದೆ ಅಡ್ಡಡ್ಡ, ಉದ್ದುದ್ದ ಬಿಗಿದು, ಮಂಡಿಯೂರಿ ಗಂಟು ಹಾಕಿದರು. ಅಂತರರಾಷ್ಟ್ರೀಯ ವಿನ್ಯಾಸಕಿಯ ಪೆಟ್ಟಿಗೆ ಬಾಳೆಗೊನೆಯ ಮೂಟೆಯಂತೆ ಕಂಡಿತು.

ತಾಂಬರಂ

ನಮ್ಮ ಮನೆ ಇರುವುದು ತಾಂಬರಂನಲ್ಲಿ. ಟ್ಯಾಕ್ಸಿ ಬಂದು ಹಾರ್ನ್ ಹೊಡೆಯುತ್ತಿತ್ತು. ಆತುರದಲ್ಲಿ ಹೊಸ್ತಿಲು ದಾಟಿ "ಹೋಗ್ತೀನಿ ನಿಧಿ" ಎಂದೆ. ಏಳು ವರ್ಷದ ನನ್ನ ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ತಮಿಳಿನಲ್ಲಿ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಮ್ಮಾ, ಅಪ್ಪಡಿ ಸೊಲ್ಲಕ್ಕೂಡಾದು. ‘ಪೋಯ್ಟು ವರೇನ್’ ಸೊಲ್ಲು."

ಹಾಗನ್ನಬಾರದಂತೆ, ಹೋಗಿ ಬರ್ತೀನಿ ಅನ್ನಬೇಕಂತೆ. ನಾನೇ ಕಲಿಸಿದ್ದು, ಈಗ ನನಗೇ ಪಾಠ. ಟ್ಯಾಕ್ಸಿಯವನು ಮತ್ತೆ ಹಾರ್ನ್ ಹೊಡೆದ. ನಿಧಿ ಜಗ್ಗಲಿಲ್ಲ. ನನ್ನನ್ನು ಮತ್ತೆ ಒಳಗೆ ಕರೆಸಿ, ಚಪ್ಪಲಿ ಬಿಡಿಸಿ, ಒಂದು ಲೋಟ ನೀರು ಕುಡಿಸಿ, "ಹೋಗಿ ಬರ್ತೀನಿ ಕಂದ" ಅನ್ನಿಸಿದ ಮೇಲೇ ಬಿಟ್ಟಳು.

ಹೆಲ್ಸಿಂಕಿ

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟುಕೊಂಡ. ಎಕ್ಸ್‌ರೇಯಲ್ಲಿ ಉದ್ದದ್ದೇನೋ ಕಂಡಿತ್ತು. ತೆರೆಯಬೇಕಾದರೆ ಭಟ್ಟರ ಗಂಟು ಬಿಚ್ಚಬೇಕು. ನಮ್ಮೂರಲ್ಲಾಗಿದ್ದರೆ ಕತ್ತರಿ ಹಾಕಿ ಮುಗಿಸುತ್ತಿದ್ದರು. ಈ ಪುಣ್ಯಾತ್ಮ ಕುರ್ಚಿ ಎಳೆದುಕೊಂಡು ಕೂತ. ಒಂದೊಂದೇ ಗಂಟನ್ನು ಉಗುರಿನಿಂದ ಸಡಿಲಿಸಿದ. ನನ್ನ ಹಿಂದೆ ಸಾಲು ಬೆಳೆಯಿತು. ಒಬ್ಬರೂ "ಏನ್ರೀ ಇದು" ಅನ್ನಲಿಲ್ಲ, ಗಡಿಯಾರ ನೋಡಲಿಲ್ಲ, ಕೆಮ್ಮಲೂ ಇಲ್ಲ.

"ಇದೇನು?"

"ಬಾಗಿಲ ಹಿಡಿಕೆ."

"ಬಾಗಿಲು ಎಲ್ಲಿ?"

"ನಿಮ್ಮ ದೇಶದಲ್ಲೇ ಇದೆ. ಅದಕ್ಕೇ ಬಂದೆ."

ಅವನು ತುಂಬ ಹೊತ್ತು ಯೋಚಿಸಿ ತಲೆಯಾಡಿಸಿದ. ಹಗ್ಗವನ್ನು ಅಂದವಾಗಿ ಸುರುಳಿ ಸುತ್ತಿ ಕೈಗೆ ಕೊಟ್ಟ. ಭಟ್ಟರ ಹೋಟೆಲಿನ ಹಗ್ಗಕ್ಕೆ ಇಷ್ಟು ಮರ್ಯಾದೆ ಹುಟ್ಟಿದಾಗಿನಿಂದ ಸಿಕ್ಕಿರಲಿಕ್ಕಿಲ್ಲ.

ಗ್ರಂಥಾಲಯದ ಊರು

ಆ ಊರಿನ ಹೆಸರು ಇಂದಿಗೂ ನನ್ನ ನಾಲಿಗೆಗೆ ಹತ್ತಿಲ್ಲ, ಹಾಗಾಗಿ ಬರೆಯುವ ಸಾಹಸ ಮಾಡುವುದಿಲ್ಲ. ರೈಲು ಇಳಿದಾಗ ಮಾರ್ಚ್ ತಿಂಗಳ ಬಿಸಿಲು ಝಗಝಗಿಸುತ್ತಿತ್ತು. ಬಿಸಿಲು ಕಂಡು ಕೋಟಿನ ಗುಂಡಿ ಬಿಚ್ಚಿದ ನನ್ನನ್ನು ಚಳಿ ಕಪಾಳಕ್ಕೆ ಬಾರಿಸಿ ಎಬ್ಬಿಸಿತು. ಬಿಸಿಲಿದ್ದೂ ಬಿಸಿಯಿಲ್ಲದಿರುವುದು ನನ್ನ ಮಟ್ಟಿಗೆ ಶುದ್ಧ ಮೋಸ.

ಕರೆದೊಯ್ಯಲು ಬಂದಿದ್ದವಳು ಗ್ರಂಥಪಾಲಕಿ ಮಾರ್ಯಾ. ನನ್ನ ವಯಸ್ಸಿನವಳು, ಚೆನ್ನಾಗಿ ಇಂಗ್ಲಿಷ್ ಬಲ್ಲವಳು, ಆದರೆ ಅದನ್ನು ಖರ್ಚು ಮಾಡಲು ಇಷ್ಟವಿಲ್ಲದವಳು. ಕಾರಿನಲ್ಲಿ ಇಪ್ಪತ್ತು ನಿಮಿಷ ಆಡಿದ್ದು ಒಂದೇ ಮಾತು: "ಪ್ರಯಾಣ ಆಯಿತೇ?" ನಾನು ಚೆನ್ನೈ ಲೋಕಲ್ ಟ್ರೇನಿನಲ್ಲಿ ಓಡಾಡಿದವಳು. ಪಲ್ಲಾವರಂ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿನ ಸೊಸೆಯ ಕಥೆ ಪೂರ್ತಿ ಕೇಳಿ ಮುಗಿಸಿರುತ್ತೇನೆ. ಇಲ್ಲಿ ಮೌನವಾಗಿರುವುದೇ ಒಬ್ಬರು ಇನ್ನೊಬ್ಬರಿಗೆ ಕೊಡುವ ಗೌರವ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಒಂದು ವಿಷಯ ಮಾತ್ರ ಮನೆಯ ನೆನಪು ತಂದಿತು. ಮನೆಯೊಳಗೆ ಕಾಲಿಡುವ ಮೊದಲು ಇವರೂ ನಮ್ಮ ಹಾಗೆಯೇ ಬಾಗಿಲಲ್ಲಿ ಪಾದರಕ್ಷೆ ಬಿಡುತ್ತಾರೆ. ಕಾಫಿಯನ್ನಂತೂ ನಮಗಿಂತ ಹೆಚ್ಚು ಕುಡಿಯುತ್ತಾರೆ. ಆದರೆ ಎತ್ತರದಿಂದ ಹೊಯ್ದು ಆರಿಸುವ ಸಡಗರವಿಲ್ಲ. ಆರಿಸುವ ಕೆಲಸವನ್ನು ಹವೆಯೇ ಮಾಡಿಬಿಡುತ್ತದೆ.

ಎದುರಾಳಿಯ ಹಿಡಿಕೆ ನಾನು ಬರುವ ಮೊದಲೇ ಒಂದು ವಾರ ಬಾಗಿಲಲ್ಲಿದ್ದು ಹೋಗಿತ್ತು. ಅಲ್ಲಿ ಎಲ್ಲೆಲ್ಲೂ ಬೆಳೆಯುವ ಬಿಳಿ ತೊಗಟೆಯ ಬರ್ಚ್ ಮರದ್ದು. ಸಾದಾ ತುಂಡು. ನನ್ನ ಕಣ್ಣಿಗೆ ಕಡಗೋಲಿನ ಹಿಡಿಯಂತೆ ಕಂಡಿತು. ಇದಕ್ಕೆ ನಾನು ಹೆದರಬೇಕೇ ಎಂದುಕೊಂಡೆ.

ಬಾಗಿಲಲ್ಲಿ ಮೊದಲ ದಿನ

ನನ್ನ ಹಿಡಿಕೆಯನ್ನು ಬಾಗಿಲ ಹೊರಮುಖಕ್ಕೆ ಕೂರಿಸಿದರು. ಹಿಮದ ಬಿಳುಪಿನ ಮುಂದೆ ಹಿತ್ತಾಳೆ ದೀಪ ಹಚ್ಚಿಟ್ಟಂತೆ ಹೊಳೆಯಿತು. ಮಾರ್ಯಾ ಕೂಡ ಎರಡು ಮಾತಾಡಿದಳು: "ಚೆನ್ನಾಗಿದೆ. ಹೊಳೆಯುತ್ತದೆ." ನಾನು ಒಳಗೆ ಕಿಟಕಿಯ ಪಕ್ಕ ನಿಂತು ಮೊದಲ ಅತಿಥಿಗಾಗಿ ಕಾದೆ.

ಬಂದವರು ಎಯ್ನೊ ಎಂಬ ಮುದುಕರು. ದಿನವೂ ಪತ್ರಿಕೆ ಓದಲು ಬರುತ್ತಾರಂತೆ. ಹೊಸ ಹಿಡಿಕೆಯನ್ನು ಕಂಡು ನಿಂತರು. ಗೌರವಕ್ಕೋ ಕುತೂಹಲಕ್ಕೋ, ಕೈಗವಸು ತೆಗೆದು ಬರಿಗೈಯಿಂದ ಹಿಡಿದರು.

"ಆಯ್!"

ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. ಕೋಯಂಬೇಡು ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಲ್ಲಿ ನಿಂತ ಬಸ್ಸಿನ ಕಂಬಿ ಹಿಡಿದಾಗ ನಾವು ಹಾಕುವ ಕೂಗು ಅದೇ. ಹಾವಭಾವವೂ ಅದೇ, ಕೈ ಕೊಡವುವುದೂ ಅದೇ. ಬಾಗಿಲು ತೆರೆದು ಓಡಿಹೋಗಿ ನಾನೂ ಹಿಡಿದು ನೋಡಿದೆ. ಮೈಯೆಲ್ಲ ಜುಮ್ಮೆಂದಿತು. ನಾನು ಹೊತ್ತು ತಂದದ್ದು ತಂಪನ್ನಲ್ಲ. ಬಂದವರ ಕೈ ಕಚ್ಚುವ ಹಿತ್ತಾಳೆಯನ್ನು.

ಇದಿಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಮಧ್ಯಾಹ್ನ ತಾಯಿಯೊಬ್ಬಳು ಪುಸ್ತಕದ ಚೀಲದಲ್ಲಿ ಏನೋ ಹುಡುಕುತ್ತಾ ನಿಂತಿದ್ದಾಗ ಅವಳ ಪುಟ್ಟ ಮಗಳು ಹೊಳೆಯುವ ಹಿತ್ತಾಳೆಯ ತುದಿಯನ್ನು ನೆಕ್ಕಿದಳು. ನಾಲಿಗೆ ಅಲ್ಲೇ ಅಂಟಿಕೊಂಡಿತು! ಚಳಿಯಲ್ಲಿ ಲೋಹಕ್ಕೆ ನಾಲಿಗೆ ತಾಗಿಸುವುದು ಅಲ್ಲಿನ ಮಕ್ಕಳ ಹಳೆಯ ತಂಟೆಯಂತೆ. ಅದು ನನಗೇನು ಗೊತ್ತು? ನಮ್ಮಲ್ಲಾಗಿದ್ದರೆ ಕ್ಷಣದಲ್ಲಿ ಇಪ್ಪತ್ತು ಜನ ಸೇರಿ ನಲವತ್ತು ಸಲಹೆ ಕೊಡುತ್ತಿದ್ದರು. ಇಲ್ಲಿ ಮಾರ್ಯಾ ಒಂದು ಲೋಟ ಉಗುರುಬೆಚ್ಚನೆಯ ನೀರು ತಂದು ಮೆಲ್ಲಗೆ ಸುರಿದಳು. ನಾಲಿಗೆ ಬಿಟ್ಟುಕೊಂಡಿತು, ಮಗು ನಕ್ಕಿತು, ತಾಯಿ ಥ್ಯಾಂಕ್ಸ್ ಹೇಳಿದಳು, ಎಲ್ಲರೂ ತಂತಮ್ಮ ಪುಸ್ತಕಕ್ಕೆ ಮರಳಿದರು. ಒಬ್ಬರಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಬಂದವರೆಲ್ಲ ಪಕ್ಕದ ಸಣ್ಣ ಬಾಗಿಲಿನಿಂದ ಬರತೊಡಗಿದರು. ಕಿಟಕಿಯ ಪಕ್ಕ ನಿಂತ ನನಗೆ ಮಿಕ್ಸಿ ಜಾರುಗಳು ಸಾಲುಸಾಲಾಗಿ ಕಣ್ಣೆದುರು ಬಂದವು.

ಭಟ್ಟರ ಹಗ್ಗ

ಸೋಲು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಸಂಜೆ ಪೆಟ್ಟಿಗೆಯಿಂದ ಭಟ್ಟರ ಹಗ್ಗ ತೆಗೆದೆ. ನಾರು ಚಳಿಯನ್ನು ದಾಟಿಸುವುದಿಲ್ಲ, ಬಿಗಿಯಾಗಿ ಸುತ್ತಿದರೆ ಹಿಡಿತವೂ ಚೆನ್ನ. ಒಂದು ಗಂಟೆ ಕೂತು ಹಿಡಿಕೆಗೆ ಸುತ್ತಿದೆ. ಮುಚ್ಚುವ ಹೊತ್ತಿಗೆ ಬಂದ ನಾಲ್ಕೈದು ಜನ ಮುಟ್ಟಿ, ತಲೆಯಾಡಿಸಿ ಒಳಗೆ ಬಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬೆಳಗ್ಗೆ ನೋಡಿದರೆ, ಕೈಗವಸುಗಳ ಹಿಮ ಕರಗಿ ನಾರಿಗೆ ಇಳಿದಿತ್ತು, ಆ ನೀರು ರಾತ್ರಿ ಹೆಪ್ಪುಗಟ್ಟಿತ್ತು. ಹಗ್ಗದ ಒಂದೊಂದು ನಾರೂ ಮುಳ್ಳಾಗಿ ನಿಂತಿತ್ತು. ಮೊದಲು ಬಂದ ಮಾರ್ಯಾಳ ಉಣ್ಣೆಯ ಕೈಗವಸು ಅದಕ್ಕೆ ಸಿಕ್ಕಿಕೊಂಡು ಅರ್ಧ ಬಿಚ್ಚಿಹೋಯಿತು. ಅವಳು ಕೈಗವಸನ್ನೂ ನನ್ನನ್ನೂ ನೋಡಿ, "ಇಂದು ಸಂಜೆ ನಮ್ಮ ಮನೆಗೆ ಬಾ. ಸೌನಾ ಕಾಯಿಸುತ್ತೇನೆ" ಎಂದಳು. ಕೈಗವಸು ಹರಿದವಳನ್ನು ಮನೆಗೆ ಕರೆಯುವ ಜನ!

ಸೌನಾ

ಸೌನಾ ಎಂದರೆ ಮರದ ಸಣ್ಣ ಕೋಣೆ. ಒಲೆಯ ಮೇಲೆ ಕಾದ ಕಲ್ಲು, ಕಲ್ಲಿನ ಮೇಲೆ ನೀರು ಎರಚಿದರೆ ಏಳುವ ಹಬೆ. ಅದರಲ್ಲಿ ಬೆವರುತ್ತಾ ಕೂರುವುದು ಅವರ ದೊಡ್ಡ ಆತಿಥ್ಯ. ಚೆನ್ನೈನಲ್ಲಿ ಮೇ ತಿಂಗಳಲ್ಲಿ ಕರೆಂಟು ಹೋದಾಗ ನಮಗೆ ಪುಕ್ಕಟೆ ಸಿಗುವುದಕ್ಕೆ ಇವರು ಕೋಣೆ ಕಟ್ಟಿ, ಕಟ್ಟಿಗೆ ಉರಿಸಿ, ನೆಂಟರನ್ನು ಕರೆಯುತ್ತಾರೆ. ನಾನು ನಕ್ಕಿದ್ದಕ್ಕೆ ಕಾರಣ ಹೇಳಿದಾಗ ಮಾರ್ಯಾಳೂ ಮೊದಲ ಸಲ ಜೋರಾಗಿ ನಕ್ಕಳು.

ಕೂತ ಹಲಗೆ ಮರ, ನೀರು ಎರಚುವ ಸೌಟಿನ ಹಿಡಿ ಮರ, ಬಾಗಿಲ ಹಿಡಿಕೆಯೂ ಮರ. ಅಷ್ಟು ಕಾವಿನಲ್ಲೂ ಒಂದೂ ಸುಡುತ್ತಿರಲಿಲ್ಲ. ಮರ ತನ್ನ ಮಾತು ಆಡುವುದೇ ಇಲ್ಲ, ನಿಮ್ಮ ಕೈಯ ಬಿಸಿಯನ್ನೇ ನಿಮಗೆ ತಿರುಗಿ ಕೊಡುತ್ತದೆ. ಆ ಬರ್ಚ್ ತುಂಡನ್ನು ಕಡಗೋಲು ಎಂದದ್ದು ನೆನಪಾಗಿ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಅದನ್ನು ಮಾಡಿದ ಮನುಷ್ಯನಿಗೆ ತನ್ನ ಊರಿನ ಅಂಗೈ ಗೊತ್ತಿತ್ತು.

ಆಮೇಲೆ ಕುದಿಯುವ ಮೈಯಲ್ಲಿ ಹೊರಗಿನ ಕೋಣೆಗೆ ಬಂದು ಕೂತೆ. ಅಲ್ಲಿ ತಾಮ್ರದ ಬಕೆಟ್ಟಿನಲ್ಲಿ ನೀರಿತ್ತು. ಎತ್ತಲೆಂದು ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದೆ. ಅಬ್ಬಾ! ಅಂಗೈಯಿಂದ ಮೊಣಕೈಯವರೆಗೆ ತಂಪು ಹರಿಯಿತು. ವಾಚ್‌ಮನ್ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದು ಇದಕ್ಕೇ. ನಾನು ಬಕೆಟ್ಟು ಬಿಡಲೇ ಇಲ್ಲ. ನನ್ನ ಹಿತ್ತಾಳೆ ತಪ್ಪಾಗಿರಲಿಲ್ಲ, ಅದನ್ನು ಹಾಕಿದ ಬದಿ ತಪ್ಪಾಗಿತ್ತು. ಗ್ರಂಥಾಲಯದ ಒಳಗೂ ಹೀಗೇ ಅಲ್ಲವೇ? ಹೀಟರ್ ಉರಿಯುತ್ತಿರುತ್ತದೆ. ಹೊರಡುವವರು ಉಣ್ಣೆಯ ಮೇಲೆ ಉಣ್ಣೆ ಏರಿಸಿ, ಮುಖ ಕೆಂಪಗಾಗಿ ಬಾಗಿಲಿಗೆ ಬರುತ್ತಾರೆ.

"ಮಾರ್ಯಾ, ನನ್ನ ಹಿಡಿಕೆಯನ್ನು ಬಾಗಿಲ ಒಳಮುಖಕ್ಕೆ ಹಾಕಿ. ಹೊರಗೆ ಮರದ್ದೇ ಇರಲಿ."

ಅವಳು ತಲೆಯಲ್ಲಾಡಿಸಿದಳು. "ಸ್ಪರ್ಧೆ ಇರುವುದು ಸ್ವಾಗತಕ್ಕೆ. ಒಳಗಿನ ಹಿಡಿಕೆಯನ್ನು ಹಿಡಿಯುವವರು ಹೋಗುವವರು."

ನಾನು ನಿಧಿಯ ಕಥೆ ಹೇಳಿದೆ. ಟ್ಯಾಕ್ಸಿ ಕಾಯುತ್ತಿದ್ದರೂ ಅಮ್ಮನನ್ನು ಒಳಗೆ ಕರೆಸಿ, ನೀರು ಕುಡಿಸಿ, ‘ಹೋಗ್ತೀನಿ’ಯನ್ನು ತಿದ್ದಿಸಿದ ಕಥೆ. "ನಮ್ಮಲ್ಲಿ ಯಾರೂ ‘ಹೋಗುತ್ತೇನೆ’ ಅನ್ನುವುದಿಲ್ಲ, ಮಾರ್ಯಾ. ‘ಬರುತ್ತೇನೆ’ ಎಂದು ಹೇಳಿ ಹೊರಡುತ್ತೇವೆ. ಹೋಗುವವರಿಗೂ ನಾವು ಹೇಳುವುದು ‘ಬನ್ನಿ’ ಅಂತಲೇ."

ಮಾರ್ಯಾ ಎಂದಿನಂತೆ ಸುಮ್ಮನಾದಳು. ಈ ಎರಡು ದಿನದಲ್ಲಿ ನಾನೂ ಸ್ವಲ್ಪ ಕಲಿತಿದ್ದೆ, ಬಾಯಿ ಮುಚ್ಚಿಕೊಂಡು ಕಾದೆ. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು.

"ನಾಳೆ ತಿರುಗಿಸಿ ಹಾಕೋಣ" ಎಂದಳು.

ಎಯ್ನೊ ಹೊರಟದ್ದು

ಮರುದಿನ ಹೊರಗೆ ಬರ್ಚ್, ಒಳಗೆ ಹಿತ್ತಾಳೆ. ಎಯ್ನೊ ಬಂದರು. ಮೊನ್ನೆಯ ಅನುಭವದಿಂದ ಬಾಗಿಲನ್ನು ಅನುಮಾನದಿಂದ ನೋಡಿ, ಮರ ಕಂಡು ಸಮಾಧಾನದಿಂದ ಒಳಬಂದರು. ಪತ್ರಿಕೆಯ ಕೊನೆಯ ಪುಟದವರೆಗೂ ಓದಿದರು. ಆಮೇಲೆ ಮಫ್ಲರ್, ಕೋಟು, ಟೋಪಿ, ಬೂಟು ಎಂದು ಒಂದೊಂದಾಗಿ ಏರಿಸಿಕೊಳ್ಳುವಷ್ಟರಲ್ಲಿ ಮುಖ ಟೊಮೇಟೊ ಆಗಿತ್ತು. ಕೈಗವಸು ಇನ್ನೂ ಜೇಬಿನಲ್ಲಿತ್ತು. ಬಾಗಿಲಿಗೆ ಬಂದು ಹಿತ್ತಾಳೆ ಕಂಡು ಥಟ್ಟನೆ ನಿಂತರು.

ಮೊದಲು ಒಂದು ಬೆರಳು ತಾಗಿಸಿದರು. ಆಮೇಲೆ ಇಡೀ ಅಂಗೈ. ಆಮೇಲೆ ಇನ್ನೊಂದು ಕೈಯನ್ನೂ ಮೇಲಿಟ್ಟರು. ತಳ್ಳಲಿಲ್ಲ. ಊರ ಹಿರಿಯರು ನೆಂಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾರಲ್ಲ, ಹಾಗೆ ನಿಂತುಬಿಟ್ಟರು. ಕೊನೆಗೆ ಬಾಗಿಲು ತಳ್ಳಿ ಹೊರಟರು. ಕಿಟಕಿಯಲ್ಲಿ ನೋಡುತ್ತಿದ್ದೆ. ನಾಲ್ಕು ಹೆಜ್ಜೆ ಹೋದವರು ನಿಂತರು, ತಿರುಗಿದರು. ಬರ್ಚ್ ಹಿಡಿಕೆ ಎಳೆದು ಮತ್ತೆ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ, ಮತ್ತೊಮ್ಮೆ ಹಿತ್ತಾಳೆಯನ್ನು ಹಿಡಿದು, ಮತ್ತೊಮ್ಮೆ ಹೊರಗೆ ಹೋದರು.

"ಏನಾದರೂ ಮರೆತಿದ್ದರಾ?" ಎಂದೆ.

"ಇಲ್ಲ," ಎಂದಳು ಮಾರ್ಯಾ. "ಹೋಗಿ ಬಂದರು."

ನನಗೆ ಅಳು ಬಂತು. ಅಷ್ಟು ಜನ ಮೌನಿಗಳ ನಡುವೆ ನಾನೊಬ್ಬಳು ಮೂಗು ಸೀಟಿಕೊಂಡ ಸದ್ದು ಗ್ರಂಥಾಲಯದ ತುಂಬ ಕೇಳಿಸಿತು. ಯಾರೂ ತಲೆಯೆತ್ತಲಿಲ್ಲ, ಅದು ಅವರ ದೊಡ್ಡತನ.

ವಾರದ ಕೊನೆಗೆ ಓದುಗರು ಎರಡನ್ನೂ ಆರಿಸಿದರು, ಹೊರಕ್ಕೆ ಅವರೂರಿನ ಮರ, ಒಳಕ್ಕೆ ನನ್ನ ಹಿತ್ತಾಳೆ. ಫೋನಿನಲ್ಲಿ ಬಾಸ್ ಗೊಣಗಿದರು, "ಅಂದರೆ ಅರ್ಧ ಗೆದ್ದೆ ಅಂತಾಯಿತು."

"ಬಾಗಿಲಿಗೆ ಎರಡು ಮುಖ ಸಾರ್. ನನ್ನ ಮುಖ ಪೂರ್ತಿ ಗೆದ್ದಿದ್ದೇನೆ. ಹೊಸ ವಿಭಾಗಕ್ಕೆ ಕುರ್ಚಿ ಮೇಜು ಹಾಕಿಸಿಡಿ" ಎಂದು ಫೋನಿಟ್ಟೆ.

ಮತ್ತೆ ನುಂಗಂಬಾಕ್ಕಂ

ಕುರ್ಚಿ ಮೇಜು ಬಂದಿತ್ತು. ಅವುಗಳಿಗಿಂತ ದೊಡ್ಡ ಬದಲಾವಣೆ ಕೆಳಗೆ ಆಗಿತ್ತು. ಭಟ್ಟರು ಹೋಟೆಲಿಗೆ ಎ.ಸಿ. ಹಾಲ್ ಮಾಡಿಸಿದ್ದರು. ಮೂವತ್ತು ವರ್ಷ ಬಾಗಿಲೇ ಇಲ್ಲದೆ ನಡೆದ ಹೋಟೆಲಿಗೆ ಈಗ ಒಂದು ಗಾಜಿನ ಬಾಗಿಲು, ಅದಕ್ಕೆ ಸ್ಟೀಲಿನ ಹಿಡಿಕೆ. ನನ್ನ ಕಥೆಯನ್ನು ಕಿವಿಗೊಟ್ಟು ಕೇಳಿದರು. ಹಗ್ಗದ ಗತಿ ಕೇಳಿ ಬೇಸರಪಟ್ಟರು, ಕಸ್ಟಮ್ಸಿನವನ ತಾಳ್ಮೆ ಕೇಳಿ "ಜನ ಒಳ್ಳೆಯವ್ರು" ಎಂದರು.

"ಅಂದ್ರೆ ಬರುವವ್ರು ಅವನದ್ದು ಹಿಡಿದುಕೊಂಡು ಬರುದು, ನಿಮ್ಮದು ಹೋಗುವವ್ರಿಗೆ ಮಾತ್ರವಾ? ಎಂತದೋ ಕಮ್ಮಿ ಆಯ್ತಲ್ಲ ಮಾರಾಯ್ರೆ."

"ಕಮ್ಮಿ ಯಾಕೆ ಭಟ್ರೆ? ಬಂದೋರೆಲ್ಲ ಒಂದಲ್ಲ ಒಂದು ಹೊತ್ತಿಗೆ ಹೊರಡಲೇಬೇಕು. ಎಲ್ರೂ ನನ್ನ ಕೈ ಹಿಡಿದೇ ಹೊರಡ್ತಾರೆ."

ಅವರು ತಮ್ಮ ಗಾಜಿನ ಬಾಗಿಲ ಕಡೆ ತಿರುಗಿದರು. "ಹಾಗಾದ್ರೆ ನಂಗೂ ಒಂದು ಹಿತ್ತಾಳೆದ್ದು ಮಾಡಿ ಕೊಡಿ. ಹೊರಗಡೆಗೆ. ರಸ್ತೆಗೆ ಪಳಪಳ ಕಾಣ್ಬೇಕು."

ಮೊದಲಿನ ನಾನಾಗಿದ್ದರೆ ಅಲ್ಲೇ ಕಾಗದ ಪೆನ್ಸಿಲು ತೆಗೆಯುತ್ತಿದ್ದೆ. ಈಗ ಎದ್ದು ಹೊರಗೆ ಹೋದೆ. ನಡು ಮಧ್ಯಾಹ್ನ, ಬಿಸಿಲು ನೇರವಾಗಿ ಬಾಗಿಲಿಗೆ ಬಡಿಯುತ್ತಿತ್ತು. ಹಿಡಿಕೆಯ ಮೇಲೆ ಅಂಗೈಯಿಟ್ಟೆ.

"ಆಯ್!"

ಥೇಟ್ ಎಯ್ನೊ. ಗಾಜಿನ ಆಚೆ ಭಟ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೆರಗಿನಿಂದ ಹಿಡಿಕೆ ಹಿಡಿದು ಬಾಗಿಲು ತೆರೆದು, ಅಂಗೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾ ಒಳಗೆ ಬಂದೆ.

"ಹೊರಗಡೆಗೆ ಮರ, ಭಟ್ರೆ. ಅದರಲ್ಲಿ ಎರಡು ಮಾತಿಲ್ಲ."

"ಒಳಗಡೆಗೆ?"

ನಾನು ಎ.ಸಿ.ಯ ಕೆಳಗಿನ ಮೇಜಿನಲ್ಲಿ ಕೂತೆ. "ಒಂದು ಊಟ ಹಾಕಿ. ಹೊಟ್ಟೆ ತುಂಬ ಉಂಡು, ಹೊರಡೋವಾಗ ಕೈಯಿಟ್ಟು ನೋಡಿ ಹೇಳ್ತೀನಿ."